ಗ್ರೈಂಡರಿನ ಬಿರುಕಿಗೆ ಗ್ರಾಫೈಟ್ ಏಣಿ

ಯಂತ್ರ: ಮುಂಬಯಿಯ ಮಾಟುಂಗಾದ ಒಂದು ಉಡುಪಿ ಹೋಟೆಲಿನ ದೊಡ್ಡ ಗ್ರೈಂಡರ್. 20 ಲೀಟರಿನ ಕಲ್ಲು, ಒಂದೂವರೆ ಎಚ್‌ಪಿ ತ್ರೀ ಫೇಸ್ ಮೋಟಾರ್, 1440 ಆರ್‌ಪಿಎಂ, ವಿ ಬೆಲ್ಟ್.

ತೊಂದರೆ: ಮೋಟಾರ್ ಕೂತಿರುವ 8 ಮಿ.ಮೀ. ದಪ್ಪದ ಎಂಎಸ್ (ಮೈಲ್ಡ್ ಸ್ಟೀಲ್) ಪ್ಲೇಟು ವೆಲ್ಡಿಂಗಿನ ಪಕ್ಕದಲ್ಲಿ ಸೀಳುತ್ತಿದೆ. ಮೊದಲೇ ಎರಡು ಸಲ ವೆಲ್ಡ್ ಹಾಕಿಸಿದ್ದಾರೆ. ಪ್ರತಿ ಸಲವೂ ಹೊಸ ವೆಲ್ಡಿನ ಅಂಚಿನಿಂದಲೇ ಹೊಸ ಬಿರುಕು.

ಹೋಟೆಲಿನ ಅಣ್ಣನಿಗೆ ಬೇಕಾಗಿದ್ದುದು ಒಂದೇ ಉತ್ತರ: "ಚೌತಿವರೆಗೆ ಬರ್ತದಾ ಇಲ್ವಾ, ಅಷ್ಟು ಹೇಳಿ ಮಾರಾಯ್ರೆ." ಕಿಂಗ್ಸ್ ಸರ್ಕಲ್‌ನಲ್ಲಿ ಜಿಎಸ್‌ಬಿ ಗಣಪತಿ ಕೂರುವ ಐದು ದಿನ ಇಡ್ಲಿ ಹಿಟ್ಟು ಎಷ್ಟಿದ್ದರೂ ಸಾಲದು. ಅಷ್ಟರೊಳಗೆ ಯಂತ್ರ ಬಿಚ್ಚುವ ಮಾತೇ ಇಲ್ಲ. ನನಗಿದ್ದ ಕುತೂಹಲ ಬೇರೆ. ಬಿರುಕು ಬೆಳೆಯುತ್ತಿರುವುದು ಮೋಟಾರ್ ಶುರುವಾಗುವ ಜರ್ಕಿನಲ್ಲೋ, ಗಂಟೆಗಟ್ಟಲೆ ಅದುರುವುದರಲ್ಲೋ? ವೆಲ್ಡರ್ ಮೊದಲನೆಯದು ಅಂದ, ಹಿಟ್ಟು ರುಬ್ಬುವ ಹುಡುಗ ಎರಡನೆಯದು ಅಂದ. ಸ್ಕೇಲು ಹಿಡಿದು ಕೂತು ನೋಡಿ ತೀರ್ಮಾನಿಸುವ ಸಂಗತಿ ಅಲ್ಲ ಅದು. ಬಿರುಕು ಎಷ್ಟು ಗಂಟೆಗೆ ಎಷ್ಟು ಮುಂದೆ ಹೋಯಿತು ಎಂದು ತಾನೇ ಬರೆದಿಡುವ ಏನಾದರೂ ಬೇಕಿತ್ತು.

ಇದಕ್ಕೆಂದೇ ತಯಾರಾದ ಕ್ರ್ಯಾಕ್ ಗೇಜ್‌ಗಳಿವೆ. ಸಾಲಾಗಿ ನಿಂತ ಸಣ್ಣ ತಂತಿಗಳು ಬಿರುಕು ದಾಟಿದಂತೆಲ್ಲ ಒಂದೊಂದಾಗಿ ಕಡಿದು, ಒಟ್ಟು ಓಮ್, ಅಂದರೆ ವಿದ್ಯುತ್ತಿಗೆ ಒಡ್ಡುವ ಅಡ್ಡಿ, ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಆಮದು ಮಾಲು, ಬೆಲೆ ಕೇಳಿದ ಮೇಲೆ ಅದೇ ಉಪಾಯವನ್ನು, ವಿದ್ಯುತ್ ಹರಿಸುವ ಗ್ರಾಫೈಟ್ ಪುಡಿ ಮತ್ತು ಎಪಾಕ್ಸಿ ಅಂಟು ಕಲಸಿ, ಏಣಿಯ ಮೆಟ್ಟಿಲುಗಳ ಹಾಗೆ ಮಾಡಲು ಹೊರಟೆ. ಯಂತ್ರ ನಡೆಯುತ್ತಿರುವಾಗ ಪ್ಲೇಟು ಪೂರ್ತಿ ಕಿತ್ತು ಬಂದರೆ ಅಪಾಯ. ಆದ್ದರಿಂದ ಬೇರೆ ಕೆಲಸಕ್ಕೆ ಕೈ ಹಾಕುವ ಮೊದಲೇ ಮೋಟಾರಿಗೆ ಒಂದು ಚೈನು ಸುತ್ತಿ ಮೇಲಿನ ಆಂಗಲ್‌ಗೆ ಬಿಗಿದೆ, ಕೆಳಗೆ ಒಂದು ಊರೆ ಕೊಟ್ಟೆ.

ಹಂತ 1: ಮಿಶ್ರಣ (ಮೇ ಕೊನೆ)

ಪ್ರಿನ್ಸೆಸ್ ಸ್ಟ್ರೀಟಿನ ಕೆಮಿಕಲ್ ಅಂಗಡಿಯಿಂದ 325 ಮೆಶ್ ಗ್ರಾಫೈಟ್ ಪುಡಿ, ಅರ್ಧ ಕಿಲೋ, 240 ರೂಪಾಯಿ. ಬೇಕಾಗಿದ್ದು ಹತ್ತು ಗ್ರಾಂ, ಆದರೆ ಅರ್ಧ ಕಿಲೋಗಿಂತ ಕಮ್ಮಿ ಕಟ್ಟಿಕೊಡುವುದಿಲ್ಲ. ಫೈಬರ್‌ಗ್ಲಾಸ್ ಸಾಮಾನಿನ ಅಂಗಡಿಯಿಂದ ಎಲ್‌ವೈ 556 ಎಂಬ ಎಪಾಕ್ಸಿ ರಾಳ, ಅದನ್ನು ಗಟ್ಟಿ ಮಾಡುವ ಎಚ್‌ವೈ 951 ಹಾರ್ಡನರ್. ಇದರ ಪ್ರಮಾಣ ತೂಕದಲ್ಲಿ 100ಕ್ಕೆ 10. ಹಾರ್ಡನರ್ ಹನಿ ಲೆಕ್ಕದಲ್ಲಿ ಹಾಕಬಾರದು, ತೂಗಲೇಬೇಕು. 0.01 ಗ್ರಾಂ ತೋರಿಸುವ ಚಿನ್ನದಂಗಡಿಯ ಥರದ ಪುಟ್ಟ ತಕ್ಕಡಿ 450 ರೂಪಾಯಿ.

ಗಾಜಿನ ಸ್ಲೈಡಿನ ಮೇಲೆ ಮಾಸ್ಕಿಂಗ್ ಟೇಪಿನ ನಡುವೆ 50 ಮಿ.ಮೀ. ಉದ್ದ, 5 ಮಿ.ಮೀ. ಅಗಲದ ಪಟ್ಟಿಗಳನ್ನು ಎಳೆದೆ, ದಪ್ಪ ಸುಮಾರು 0.2. ತೂಕದಲ್ಲಿ ಗ್ರಾಫೈಟ್ 10ರಿಂದ 60 ಪರ್ಸೆಂಟ್‌ವರೆಗೆ. 10ರಲ್ಲಿ ಮೀಟರ್ ಅಲ್ಲಾಡಲಿಲ್ಲ. 20ರಲ್ಲೂ ಅಷ್ಟೇ, ಪ್ರೋಬ್ ಒತ್ತಿದರೆ ಮಾತ್ರ ಮೆಗಾಓಮ್ ಮಿಣುಕುತ್ತಿತ್ತು. 30ಕ್ಕೆ ಹೋದಾಗ ಒಮ್ಮೆಲೇ 40 ಕಿಲೋಓಮ್. 40ರಲ್ಲಿ ಏಳೆಂಟು ನೂರು ಓಮ್. 50ರಲ್ಲಿ ಇನ್ನೂರರ ಆಸುಪಾಸು. ಕಣಕ್ಕೆ ಕಣ ತಾಗಿ ದಾರಿ ಕೂಡಿಕೊಳ್ಳುವವರೆಗೆ ಏನೂ ಇಲ್ಲ, ಕೂಡಿದ ಮೇಲೆ ದಿಢೀರನೆ ಇಳಿಯುತ್ತದೆ. 60 ಪರ್ಸೆಂಟ್ ಅಂದರೆ ರಾಳ ಪುಡಿಯನ್ನು ನೆನೆಸಲೂ ಸಾಲುವುದಿಲ್ಲ, ಒಣಗಿದ ಮೇಲೆ ಬೆರಳಿಗೆ ಮಸಿ ಅಂಟುತ್ತದೆ. ಐಸೋಪ್ರೊಪೈಲ್ ಹಾಕಿ ತೆಳು ಮಾಡಿ ನೋಡಿದೆ, ಪಟ್ಟಿಯ ತುಂಬ ಗುಳ್ಳೆ.

45 ಪರ್ಸೆಂಟ್‌ಗೆ ನಿಂತೆ. ಬ್ರಶ್‌ನಲ್ಲಿ ಬಾರದು, ಹಳೇ ಎಟಿಎಂ ಕಾರ್ಡಿನ ಅಂಚಿನಿಂದ ಎಳೆಯಬೇಕು.

ಇಲ್ಲಿ ತುಂಬ ಹೊತ್ತು ತಲೆ ತಿಂದ ವಿಷಯ ಒಂದಿದೆ. ಚೆನ್ನಾಗಿ ಗಟ್ಟಿಯಾದ ಪಟ್ಟಿಗೆ ಪ್ರೋಬ್ ಇಟ್ಟರೆ ಮೀಟರ್ ಏನೂ ತೋರಿಸುವುದಿಲ್ಲ. ಮಿಶ್ರಣ ಕೆಟ್ಟಿರುವುದಿಲ್ಲ. ಗ್ರಾಫೈಟ್ ಕೆಳಗೆ ಕೂತು, ಮೇಲೆ ಬರೀ ರಾಳದ ತೆಳು ಪದರ ನಿಂತಿರುತ್ತದೆ. 400 ನಂಬರ್ ಪಾಲಿಶ್ ಪೇಪರಿನಿಂದ ಎರಡು ಸಲ ಸವರಿದರೆ ಓಮ್ ಕಾಣಿಸುತ್ತದೆ. ಮತ್ತೆ, ಈ ಮಿಶ್ರಣಕ್ಕೆ ಬೆಸುಗೆ ಹಿಡಿಯುವುದಿಲ್ಲ. ತಾಮ್ರದ ಫಾಯಿಲ್ ಟೇಪನ್ನು ಮೊದಲು ಅಂಟಿಸಿ, ಅದರ ಬಾಲಕ್ಕೆ ವೈರ್ ಬೆಸೆದು, ತಾಮ್ರದ ಮುಖ ಉಜ್ಜಿ, ಆಮೇಲೆ ಅದರ ಮೇಲೆ ಮಿಶ್ರಣ ಎಳೆಯಬೇಕು. ಈ ಕ್ರಮ ತಿರುಗುಮುರುಗಾದರೆ ಬೆಸುಗೆಯ ಬಿಸಿಗೆ ಎಪಾಕ್ಸಿ ಮೆತ್ತಗಾಗಿ ಕಿತ್ತು ಬರುತ್ತದೆ.

ಹಂತ 2: ಒಡೆಯುವ ಪರೀಕ್ಷೆ (ಜೂನ್)

ವಿದ್ಯುತ್ ಹರಿಯುವ ಅಂಟು ಮಾಡುವುದು ಅರ್ಧ ದಿನದ ಕೆಲಸ. ಕಷ್ಟ ಇರುವುದು ಕಬ್ಬಿಣ ಒಡೆದ ಕ್ಷಣಕ್ಕೆ ಅದೂ ಒಡೆಯುವಂತೆ ಮಾಡುವುದರಲ್ಲಿ. ಈ ವಿಷಯದಲ್ಲಿ ಸಲಹೆ ಕೊಟ್ಟವರೆಲ್ಲ ಓಮ್ ಕಡಿಮೆ ಮಾಡುವ ಉಪಾಯ ಹೇಳಿದರೇ ಹೊರತು ಈ ಮಾತು ಯಾರೂ ಎತ್ತಲಿಲ್ಲ.

ಪರೀಕ್ಷೆಗೆ 25 ಮಿ.ಮೀ. ಅಗಲ, 3 ಮಿ.ಮೀ. ದಪ್ಪದ ಎಂಎಸ್ ಪಟ್ಟಿಯ ತುಂಡುಗಳು. ಒಂದು ಅಂಚಿನಲ್ಲಿ ಹ್ಯಾಕ್ಸಾದಿಂದ ಗಾಯ ಮಾಡಿ, ವೈಸಿನಲ್ಲಿ ಹಿಡಿದು ಆಚೆ ಈಚೆ ಬಗ್ಗಿಸುತ್ತಾ ಹೋದರೆ ಬಿರುಕು ಶುರುವಾಗಿ ನಿಧಾನ ಸಾಗುತ್ತದೆ. ಮೇಲೆ ಪಟ್ಟಿ, ಪಟ್ಟಿಗೆ ಮೀಟರ್. ಕಬ್ಬಿಣದ ಮೇಲೆ ನೇರ ಎಳೆದರೆ ಕಬ್ಬಿಣವೇ ಶಾರ್ಟ್ ಮಾಡುತ್ತದೆ, ಹಾಗಾಗಿ ಕೆಳಗೆ ಬರೀ ಎಪಾಕ್ಸಿಯ ಒಂದು ಪದರ ಬೇಕು. ಒಂದು ಪದರದಲ್ಲಿ ಸೂಜಿಮೊನೆಯಷ್ಟು ತೂತು ಉಳಿದೇ ಉಳಿಯುತ್ತದೆ, ಎರಡು ಹಾಕಬೇಕು. ಪ್ರತಿ ಸಲ ಮೀಟರನ್ನು 20 ಮೆಗಾಓಮ್ ರೇಂಜಿಗಿಟ್ಟು ಪರೀಕ್ಷಿಸಿದ ಮೇಲೆಯೇ ಮುಂದಕ್ಕೆ.

ಮೊದಲು ಸಿಲಿಕೋನ್ ಸೀಲಂಟಿಗೆ ಕಾರ್ಬನ್ ಬ್ಲ್ಯಾಕ್ ಕಲಸಿದ ರಬ್ಬರ್ ಪಟ್ಟಿ ನೋಡಿದೆ. ನೀರು ತಾಗದು, ಅದುರಿದರೆ ಕಳಚದು, ಅಡುಗೆಮನೆಗೆ ಹೇಳಿ ಮಾಡಿಸಿದ್ದು ಅನಿಸಿತ್ತು. ಕೆಳಗೆ ಬಿರುಕು 9 ಮಿ.ಮೀ. ಮುಂದೆ ಹೋಗಿದ್ದರೂ ಪಟ್ಟಿ ಸುಮ್ಮನೆ ಹಿಗ್ಗಿಕೊಂಡು ಕೂತಿತ್ತು. ಓಮ್ ದುಪ್ಪಟ್ಟಾಯಿತು, ಅಷ್ಟೇ. ಅದನ್ನು ನೋಡಿ ಬಿರುಕು ಎಲ್ಲಿದೆ ಎಂದು ಹೇಳುವಂತಿಲ್ಲ. ಐದು ನಿಮಿಷದಲ್ಲಿ ಗಟ್ಟಿಯಾಗುವ ಅಂಟಿನದೂ ಇದೇ ಜಾತಿ, ಸ್ವಲ್ಪ ಮೆತ್ತಗೆ.

ಎಲ್‌ವೈ 556ರ ಪಟ್ಟಿ ಒಡೆಯಿತು, ಆದರೆ ದಪ್ಪ ಇದ್ದಾಗ ಹಟ ಮಾಡಿತು. ಅರ್ಧ ಮಿ.ಮೀ. ದಪ್ಪದ ಪಟ್ಟಿ ಅಡ್ಡ ಸೀಳದೆ, ಬಿರುಕಿನ ಎರಡೂ ಬದಿಯಲ್ಲಿ ಬುಡ ಕಿತ್ತು ಸೇತುವೆಯ ಹಾಗೆ ನಿಂತಿತು. 0.15ರಿಂದ 0.2 ಮಿ.ಮೀ. ಒಳಗೆ ಬಂದಾಗ ಬಿರುಕಿನ ತುದಿ ಕೆಳಗೆ ದಾಟಿದ್ದಕ್ಕೂ ಮೀಟರ್ ಹಾರಿದ್ದಕ್ಕೂ ಅಂತರ ಕಾಣದಷ್ಟಾಯಿತು. ಮರದ ಪೆಟ್ಟಿಗೆಯಲ್ಲಿ 60 ವಾಟಿನ ಬಲ್ಬು ಹಾಕಿ ಕೆಲವು ಗಂಟೆ ಬೇಯಿಸಿದ ತುಂಡುಗಳು ಇನ್ನೂ ಚುರುಕಾಗಿ ಒಡೆದವು. ಬಿಸಿ ತಾಗಿದರೆ ರಾಳ ಪೂರ್ತಿ ಗಟ್ಟಿಯಾಗುತ್ತದೆ.

ಅಷ್ಟಾದ ಮೇಲೆ ಇನ್ನೊಂದು ಚೇಷ್ಟೆ. ಕಬ್ಬಿಣ ಬಗ್ಗಿಸಿ ಹಿಡಿದಾಗ ಪಟ್ಟಿ ಕಡಿದಿದೆ, ಮೀಟರ್ ಖಾಲಿ. ಕೈ ಬಿಟ್ಟರೆ ಬಿರುಕಿನ ಬಾಯಿ ಮುಚ್ಚುತ್ತದೆ, ಒಡೆದ ಪಟ್ಟಿಯ ತುದಿಗಳು ಮತ್ತೆ ತಾಗುತ್ತವೆ, ಮೀಟರ್ ಏನೂ ಆಗಿಲ್ಲವೆಂಬಂತೆ ಹಳೇ ಓಮ್ ತೋರಿಸುತ್ತದೆ! ಯಂತ್ರ ನಿಲ್ಲಿಸಿ ಕೈಮೀಟರ್ ಹಿಡಿದು ಅಳೆಯುವ ಯೋಜನೆ ಇದ್ದುದು ಅಲ್ಲಿಗೆ ಮುಗಿಯಿತು. ಯಂತ್ರ ಅದುರುತ್ತಿರುವಾಗಲೇ ಓದಬೇಕು, ಅದೂ ಸರಾಸರಿ ತೆಗೆಯದೆ. 1440 ಆರ್‌ಪಿಎಂ ಅಂದರೆ ಸೆಕೆಂಡಿಗೆ 24 ಸಲ ಬಾಯಿ ತೆರೆದು ಮುಚ್ಚುತ್ತದೆ. ಸರಾಸರಿ ತೆಗೆದರೆ ಒಡೆದದ್ದು ಅರ್ಧ ಒಡೆದಂತೆ ಕಾಣುತ್ತದೆ. ಹಾಗಾಗಿ ಆರ್ಡುಯಿನೋ ನ್ಯಾನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನಲ್ಲಿ ಸೆಕೆಂಡಿಗೆ ಸಾವಿರ ಸಲ ಓದಿ, ಆ ಸೆಕೆಂಡಿನ ಅತಿ ಹೆಚ್ಚಿನ ಅಂಕಿಯನ್ನು ಮಾತ್ರ ಇಟ್ಟುಕೊಳ್ಳುವಂತೆ ಬರೆದೆ. ಆ ಅಂಕಿ ಹತ್ತು ಸೆಕೆಂಡ್ ಸತತ ಮೇಲೆ ಇದ್ದರೆ ಒಂದು ಮೆಟ್ಟಿಲು ಹೋಯಿತು ಎಂದು ಸಮಯದ ಸಮೇತ ಮೆಮೊರಿ ಕಾರ್ಡಿಗೆ. ಒಮ್ಮೆ ಹೋದ ಮೆಟ್ಟಿಲು ಮತ್ತೆ ವಾಪಸು ಬರುವ ಹಾಗಿಲ್ಲ.

ಹಂತ 3: ಯಂತ್ರದ ಮೇಲೆ (ಜೂನ್ ಕೊನೆಯ ಸೋಮವಾರ)

ಸೋಮವಾರ ಹೋಟೆಲಿಗೆ ರಜೆ. ಬಿರುಕಿನೊಳಗೆ ಇಳಿದು ಅದನ್ನು ಎತ್ತಿ ತೋರಿಸುವ ಡೈ ಪೆನಿಟ್ರೆಂಟಿನ ಮೂರು ಡಬ್ಬಿ ಕೊಂಡಿದ್ದೆ: ಕ್ಲೀನರ್, ಕೆಂಪು ಡೈ, ಬಿಳಿ ಡೆವಲಪರ್. ಬಿಳಿ ಪುಡಿಯ ಮೇಲೆ ಕೆಂಪು ಗೆರೆ ಎದ್ದು ಬಂತು, 14 ಮಿ.ಮೀ. ಉದ್ದ. ಬರಿಗಣ್ಣಿಗೆ 9 ಮಾತ್ರ ಕಾಣುತ್ತಿತ್ತು. ಆ ತುದಿಗೆ ಸೆಂಟರ್ ಪಂಚ್ ಹೊಡೆಯಬಾರದು, ಹೊಸ ಬಿರುಕಿಗೆ ಆಹ್ವಾನ ಕೊಟ್ಟಂತೆ. ಸ್ಕ್ರೈಬರಿನಿಂದ ಪಕ್ಕದಲ್ಲಿ ಗೀಟು ಹಾಕಿದೆ.

ಏಣಿಯ ಅಳತೆ: ಬಿರುಕು ಸಾಗುವ ದಿಕ್ಕಿಗೆ ಸಮಾನಾಂತರವಾಗಿ ಎರಡು ತಾಮ್ರದ ಪಟ್ಟಿ, ನಡುವೆ 20 ಮಿ.ಮೀ. ಅಂತರ. ಅವನ್ನು ಜೋಡಿಸುವ 8 ಮೆಟ್ಟಿಲು, ಪ್ರತಿಯೊಂದೂ 1 ಮಿ.ಮೀ. ಅಗಲ, 3 ಮಿ.ಮೀ.ಗೆ ಒಂದು. ಮೊದಲ ಮೆಟ್ಟಿಲು ಬಿರುಕಿನ ತುದಿಯಿಂದ 2 ಮಿ.ಮೀ. ಮುಂದೆ. ಬಿರುಕು ಸೊಟ್ಟ ಹೋದರೂ 20 ಮಿ.ಮೀ. ಅಗಲದೊಳಗೇ ಇರುತ್ತದೆ ಅನ್ನುವ ಲೆಕ್ಕ.

1 ಮಿ.ಮೀ. ಗೆರೆಯನ್ನು ಮಾಸ್ಕಿಂಗ್ ಟೇಪಿನಿಂದ ಎಳೆಯಲು ಹೋದರೆ ಒಂದು ದಪ್ಪ, ಒಂದು ತೆಳು. ದಾದರಿನಲ್ಲಿ ಗಾಡಿಗೆ ನಂಬರ್ ಪ್ಲೇಟ್ ಬರೆಯುವ ರೇಡಿಯಂ ಸ್ಟಿಕ್ಕರ್ ಅಂಗಡಿಯವನ ಹತ್ತಿರ ಕಟಿಂಗ್ ಮಷೀನ್ ಇದೆ. ಏಣಿಯ ನಕ್ಷೆ ಕೊಟ್ಟೆ, 120 ರೂಪಾಯಿಗೆ ಹತ್ತು ತುಂಡು ಕತ್ತರಿಸಿಕೊಟ್ಟ. ಎರಡು ಸ್ಟಿಕ್ಕರ್ ಒಂದರ ಮೇಲೊಂದು ಅಂಟಿಸಿದರೆ ದಪ್ಪ 0.17, ಅದೇ ಅಚ್ಚು. ಮಿಶ್ರಣ ಎಳೆದು, ಪೂರ್ತಿ ಗಟ್ಟಿಯಾಗುವ ಮೊದಲೇ ಸ್ಟಿಕ್ಕರ್ ಕೀಳಬೇಕು. ತಡವಾದರೆ ಮೆಟ್ಟಿಲಿನ ಅಂಚು ಸ್ಟಿಕ್ಕರಿನ ಜೊತೆ ಎದ್ದು ಬರುತ್ತದೆ.

ಪ್ಲೇಟಿನ ಜಿಡ್ಡೇ ದೊಡ್ಡ ಕೆಲಸ. ಉದ್ದಿನ ಹಿಟ್ಟು, ಗ್ರೀಸು, ಬೆಲ್ಟಿನ ಕರಿ ಎಲ್ಲ ಸೇರಿ ವರ್ಷಗಟ್ಟಲೆ ಕೂತು ವಾರ್ನಿಶ್ ಆಗಿತ್ತು. ಡಿಗ್ರೀಸರ್, ಫ್ಲಾಪ್ ಡಿಸ್ಕ್, ಕೊನೆಗೆ ಅಸಿಟೋನ್. ಬಟ್ಟೆಗೆ ಕಪ್ಪು ಹತ್ತುವುದು ನಿಲ್ಲುವವರೆಗೆ. ಎಪಾಕ್ಸಿ ಒಣಗಲು ಒಂದು ಅಡಿ ದೂರದಲ್ಲಿ ಹ್ಯಾಲೊಜನ್ ಲ್ಯಾಂಪ್.

ಪ್ರತಿ ಮೆಟ್ಟಿಲೂ ಸುಮಾರು 1.2 ಕಿಲೋಓಮ್, ಎಂಟೂ ಸೇರಿ 150 ಓಮ್. ಇದೇ ಥರದ ಇನ್ನೊಂದು ಏಣಿಯನ್ನು ಅದೇ ಪ್ಲೇಟಿನ ಬಿರುಕಿಲ್ಲದ ಮೂಲೆಯಲ್ಲಿ ಹಾಕಿದೆ, ಡಮ್ಮಿ. ಮುಂಬಯಿ ಮಳೆಗಾಲದ ತೇವ, ಒಲೆಯ ಕಾವು, ಎರಡೂ ಸೇರಿ ಏಣಿಯ ಓಮನ್ನು ಮೇಲೆ ಕೆಳಗೆ ಮಾಡುತ್ತವೆ. ಎರಡನ್ನೂ ಸರಣಿಯಲ್ಲಿ ಜೋಡಿಸಿದೆ: ಮೇಲೆ ಡಮ್ಮಿ, ಕೆಳಗೆ ಅಸಲಿ, ನಡುವಿನಿಂದ ವೋಲ್ಟೇಜ್ ಓದು. ಎರಡೂ ಒಟ್ಟಿಗೆ ಏರಿಳಿಯುವುದರಿಂದ ಕಾವಿನ ಲೆಕ್ಕ ತಾನೇ ಕಳೆದುಹೋಗುತ್ತದೆ. ನ್ಯಾನೋ ವೋಲ್ಟೇಜನ್ನು 0ರಿಂದ 1023ರವರೆಗಿನ ಅಂಕಿಯಾಗಿ ಓದುತ್ತದೆ. ಆ ಲೆಕ್ಕದಲ್ಲಿ ಎಂಟೂ ಇದ್ದಾಗ 512, ಏಳಕ್ಕೆ 546, ಆರಕ್ಕೆ 585, ಐದಕ್ಕೆ 630, ನಾಲ್ಕಕ್ಕೆ 682, ಮೂರಕ್ಕೆ 744. ಮಾಡಿಕೊಳ್ಳುವವರಿಗೆ ಇಷ್ಟು ಸಾಕು, ಉಳಿದದ್ದು ಗುಣಿಸಿಕೊಳ್ಳಬಹುದು.

ನೀರಿಗೆ ಅಡ್ಡಿಯಾಗಿ ಮೇಲೆ ಸಿಲಿಕೋನ್. ಅಂಗಡಿಯಲ್ಲಿ ಸಲೀಸಾಗಿ ಸಿಗುವ, ವಿನೆಗರ್ ವಾಸನೆಯ ಸಿಲಿಕೋನ್ ಬೇಡ, ತಾಮ್ರವನ್ನು ತಿನ್ನುತ್ತದೆ. ಪರೀಕ್ಷೆಯ ತುಂಡಿನಲ್ಲಿ ವಾರದೊಳಗೆ ಫಾಯಿಲ್ ಹಸಿರಾಯಿತು. ನ್ಯೂಟ್ರಲ್ ಕ್ಯೂರ್ ಎಂದು ಬರೆದಿರುವುದನ್ನು ಕೇಳಿ ತರಬೇಕು.

ಮೋಟಾರಿಗೆ ಕರೆಂಟು ಕೊಡುವ ಸ್ವಿಚ್ಚು, ಕಾಂಟ್ಯಾಕ್ಟರ್, ಬಿದ್ದಾಗಲೆಲ್ಲ ನ್ಯಾನೋ ರೀಸೆಟ್ ಆಗುತ್ತಿತ್ತು. 470 ಮೈಕ್ರೋಫ್ಯಾರಡ್ ಕೆಪಾಸಿಟರ್, ಶೀಲ್ಡೆಡ್ ವೈರು, ಮೋಟಾರ್ ಲೈನಿನಿಂದ ದೂರದ ಪ್ಲಗ್ಗಿನಲ್ಲಿ ಚಾರ್ಜರು. ಸರಿಹೋಯಿತು.

ಹಂತ 4: ಕಾರ್ಡ್ ಹೇಳಿದ್ದು (ಜುಲೈ)

ಮೊದಲ ಮೆಟ್ಟಿಲು ಮರುದಿನವೇ ಹೋಯಿತು. ಎರಡು, ಮೂರು, ನಾಲ್ಕು ಜುಲೈ ಮಧ್ಯದೊಳಗೆ. ಸಮಯ ನೋಡಿದರೆ ನಾಲ್ಕೂ ಮಧ್ಯಾಹ್ನ ಮೂರೂವರೆಯಿಂದ ಐದರ ನಡುವೆ. ಉದ್ದು ರುಬ್ಬಿ ಮುಗಿದು ಅಕ್ಕಿ ಬಿದ್ದ ಮೇಲಿನ ಹೊತ್ತು ಅದು. ಒಂದೂ ಮೋಟಾರ್ ಶುರುವಾದ ಮೊದಲ ನಿಮಿಷದಲ್ಲಿ ಹೋಗಿಲ್ಲ. ದಿನಕ್ಕೆ ಎಂಟು ಹತ್ತು ಜರ್ಕು ಎಲ್ಲಿ, ಗಂಟೆಗೆ 86,400 ಅದುರು ಎಲ್ಲಿ! ವೆಲ್ಡರ್ ಒಪ್ಪಲಿಲ್ಲ, ಅದು ಬೇರೆ. ಹಿಟ್ಟಿನ ಹುಡುಗ ಮಾತ್ರ, "ನಾನು ಹೇಳ್ಲಿಲ್ವಾ ಅಣ್ಣ, ಅಕ್ಕಿ ಹಾಕಿದ್ರೆ ನೆಲವೇ ನಡುಗ್ತದೆ" ಅಂದ.

ನೆಲ ನಡುಗುವುದು ಎಂಬ ಮಾತು ಹಿಡಿದು ಮಂಡಿಯೂರಿ ನೋಡಿದರೆ, ಚೌಕಟ್ಟಿನ ಹಿಂದಿನ ಎಡಗಾಲು ನೆಲ ಮುಟ್ಟಿರಲಿಲ್ಲ. ಮೊದಲು ಯಾರೋ ತುರುಕಿದ್ದ ಮರದ ಬೆಣೆ ನೀರಲ್ಲಿ ಕೊಳೆತು ಜಾರಿತ್ತು. ಕಾಲಿನ ಕೆಳಗೆ ಫೀಲರ್ ಗೇಜ್ ತೂರಿದರೆ 3 ಮಿ.ಮೀ. ಸಂದು. ಮೂರು ಕಾಲಿನ ಮೇಲೆ ನಿಂತ ಯಂತ್ರ ಅಕ್ಕಿಯ ಹದದಲ್ಲಿ ತಿರುಚುತ್ತಿತ್ತು, ತಿರುಚಿದ್ದೆಲ್ಲ ಮೋಟಾರ್ ಪ್ಲೇಟಿನ ಮೂಲೆಗೆ ಬರುತ್ತಿತ್ತು. ಸ್ಟೀಲ್ ತಗಡಿನ ಪ್ಯಾಕಿಂಗ್ ಹಾಕಿದೆ. ಬೆಲ್ಟ್ ವೀಣೆಯ ತಂತಿ ಮಾಡಿಟ್ಟಿದ್ದರು, ಅದನ್ನೂ ಸಡಿಲಿಸಿದೆ. ಇಷ್ಟಕ್ಕೆ ಹತ್ತು ರೂಪಾಯಿಯೂ ಖರ್ಚಿಲ್ಲ.

ಐದನೇ ಮೆಟ್ಟಿಲು ಹೋಗಿದ್ದು ಆಗಸ್ಟ್ ಕೊನೆಗೆ. ಅಣ್ಣನ ಜೊತೆ ಒಂದು ಕರಾರು ಮಾಡಿಕೊಂಡಿದ್ದೆ: ಆರನೆಯದು ಹೋದರೆ, ಹಬ್ಬವಿರಲಿ ಏನಿರಲಿ, ಯಂತ್ರ ನಿಲ್ಲಿಸಬೇಕು, ಹಿಟ್ಟು ಹೊರಗಿನಿಂದ ತರಿಸಬೇಕು. ಅದಕ್ಕೆಂದು ನ್ಯಾನೋ ಇರುವ ಡಬ್ಬಿಗೆ ಒಂದು ಬಜರ್ ಕೂಡ ಕೂರಿಸಿದೆ. ಒಂದು ಸಂಜೆ ಅದು ಕಿರುಚಿದಾಗ ಎಲ್ಲರೂ ಓಡಿದ್ದಾಯಿತು. ನೋಡಿದರೆ ತೊಳೆಯುವ ಹುಡುಗ ಪೈಪು ಬಿಟ್ಟು ಡಬ್ಬಿಯೊಳಗೆ ನೀರು ಹೋಗಿತ್ತು. ಡಬ್ಬಿಯ ಕೇಬಲ್ ಬಾಯಿಯನ್ನು ಕೆಳಮುಖ ಮಾಡಿ, ವೈರನ್ನು ಇಳಿಬಿಟ್ಟು ತಿರುಗಿಸಿ ತಂದೆ. ಆರನೇ ಮೆಟ್ಟಿಲು ಹಬ್ಬ ಮುಗಿಯುವವರೆಗೂ ಉಳಿದಿತ್ತು.

ಹಂತ 5: ಬಿಚ್ಚಿ ನೋಡಿದ್ದು

ಹಬ್ಬ ಕಳೆದ ಮೇಲೆ ಪ್ಲೇಟು ಕತ್ತರಿಸಿ ತೆಗೆಸಿದೆ. ಏಣಿಯ ಪ್ರಕಾರ ಬಿರುಕಿನ ತುದಿ ಹಳೇ ಗೀಟಿನಿಂದ 14ರಿಂದ 17 ಮಿ.ಮೀ. ನಡುವೆ ಇರಬೇಕು. ಡೈ ಹಾಕಿದರೆ 15.5. ಇಷ್ಟು ಸರಿಯಾಗಿ ಬರುತ್ತದೆಂದು ನಾನೂ ನಿರೀಕ್ಷಿಸಿರಲಿಲ್ಲ.

ಪ್ಲೇಟು ತಿರುಗಿಸಿದಾಗ ಖುಷಿ ಇಳಿಯಿತು. ಹಿಂಬದಿಯಲ್ಲಿ ಅದೇ ಬಿರುಕು 4 ಮಿ.ಮೀ. ಹೆಚ್ಚು ಉದ್ದ. 8 ಮಿ.ಮೀ. ದಪ್ಪದೊಳಗೆ ಬಿರುಕಿನ ಮುಂಭಾಗ ನೇರ ಇರಲಿಲ್ಲ, ಓರೆಯಾಗಿತ್ತು. ಏಣಿಗೆ ಕಾಣುವುದು ತಾನು ಅಂಟಿರುವ ಮುಖ ಮಾತ್ರ. ಅಂದರೆ ಹಿಂಬದಿಯಲ್ಲಿ ಏಣಿ ಇದ್ದಿದ್ದರೆ ಆರನೇ ಮೆಟ್ಟಿಲು ಹಬ್ಬಕ್ಕೆ ಮೊದಲೇ ಹೋಗಿರುತ್ತಿತ್ತು. ದಪ್ಪ ಪ್ಲೇಟಾದರೆ ಎರಡೂ ಮುಖಕ್ಕೆ ಹಾಕಿ, ಯಾವುದು ಮುಂದಿದೆಯೋ ಅದನ್ನೇ ನಂಬಿ. ಚೈನು, ಊರೆ ಬಿಟ್ಟು ಇಂಥ ಪ್ರಯೋಗ ಬೇಡ.

ಹೊಸ ಪ್ಲೇಟು 12 ಮಿ.ಮೀ., ಮೂಲೆಗಳಿಗೆ 20 ಮಿ.ಮೀ. ರೇಡಿಯಸ್, ಮೂಲೆಯ ಹತ್ತಿರ ವೆಲ್ಡ್ ಇಲ್ಲ, ಬೋಲ್ಟ್ ಮಾತ್ರ. ನಾಲ್ಕು ಕಾಲಿಗೂ ಎತ್ತರ ಹೊಂದಿಸುವ ಸ್ಕ್ರೂ ಪಾದ.

ಖರ್ಚು: ಗ್ರಾಫೈಟ್ 240, ರಾಳ ಹಾರ್ಡನರ್ ಸೇರಿ 780, ತಕ್ಕಡಿ 450, ತಾಮ್ರದ ಟೇಪ್ 160, ಸ್ಟಿಕ್ಕರ್ 120, ಲ್ಯಾಮಿಂಗ್ಟನ್ ರೋಡಿನಿಂದ ನ್ಯಾನೋ, ಗಡಿಯಾರದ ಮತ್ತು ಕಾರ್ಡಿನ ಮಾಡ್ಯೂಲ್, ಡಬ್ಬಿ, ಬಜರ್ ಎಲ್ಲ ಸೇರಿ 870, ಡೈ ಡಬ್ಬಿಗಳು 1,150, ನ್ಯೂಟ್ರಲ್ ಸಿಲಿಕೋನ್ 280. ಒಟ್ಟು 4,050. ಡೊಂಬಿವಲಿಯಿಂದ ಲೋಕಲ್ ಪಾಸು ಹೇಗೂ ಇತ್ತು. ಹೊಸ ಪ್ಲೇಟಿನ ಖರ್ಚು ಅಣ್ಣನದು.

ಈಗ ಅವರಿಗೆ ಈ ಏಣಿಯ ಮೇಲೆ ಭಕ್ತಿ ಬಂದಿದೆ. ಗಲ್ಲಾಪೆಟ್ಟಿಗೆಯ ಮೇಲಿನ ಗೋಡೆಯ ಬಿರುಕಿಗೂ ಒಂದು ಬಳಿಯಿರಿ ಅನ್ನುತ್ತಾರೆ. ಗಾರೆಗೆ ಇದು ಆಗದು. ಮಳೆಯಲ್ಲಿ ಗಾರೆ ನೀರು ಕುಡಿಯುತ್ತದೆ, ಮೇಲ್ಪದರ ಪುಡಿಯಾಗಿ ಪಟ್ಟಿಯೇ ಎದ್ದು ಬರುತ್ತದೆ. 1993ರಲ್ಲಿ ಅಮೆರಿಕದ ಬಫಲೋದಲ್ಲಿ ಚೆನ್ ಮತ್ತು ಚುಂಗ್ ಕಾಂಕ್ರೀಟಿಗೆ ಕಾರ್ಬನ್ ನಾರಿನ ತುಂಡು ಬೆರೆಸಿ, ಅದರ ಓಮ್ ನೋಡಿ ಒಳಗಿನ ಹಾನಿ ಗುರುತಿಸಬಹುದೆಂದು ತೋರಿಸಿದ್ದರು. ಆದರೆ ಆ ನಾರು ಕಾಂಕ್ರೀಟ್ ಹಾಕುವಾಗಲೇ ಸೇರಬೇಕು, ಹಳೇ ಗೋಡೆಗೆ ಮೇಲಿನಿಂದ ಹಚ್ಚಿದರೆ ಬರುವಂಥದ್ದಲ್ಲ. ಬಿರುಕಿನ ಎರಡೂ ಬದಿಗೆ ಒಂದೊಂದು ಮೊಳೆ ಹೊಡೆದು, ತಿಂಗಳಿಗೊಮ್ಮೆ ವರ್ನಿಯರ್‌ನಲ್ಲಿ ನಡುವಿನ ಅಂತರ ಅಳೆದು ಕ್ಯಾಲೆಂಡರಿನಲ್ಲಿ ಬರೆಯಿರಿ ಅಂದೆ. "ಅಷ್ಟೇಯಾ?" ಎಂದು ಮುಖ ಸಣ್ಣ ಮಾಡಿಕೊಂಡರು. ಮೊಳೆ ನಾನೇ ಹೊಡೆದು ಬಂದಿದ್ದೇನೆ. ಮೊದಲ ಅಳತೆ 62.4 ಮಿ.ಮೀ.